ಹೊಂಬಣ್ಣದ ವಿಡಿಯಾ

ನಾಸಿಕ್‌ನ ಸಾತ್ಪುರದಲ್ಲಾಗಲಿ, ಛತ್ರಪತಿ ಸಂಭಾಜಿನಗರದ ಹೊರಗಿರುವ ವಾಳೂಜ್‌ನಲ್ಲಾಗಲಿ, ಬೆಂಗಳೂರಿನ ಪೀಣ್ಯದಲ್ಲಾಗಲಿ, ಲೇಥ್ ಮುಂದೆ ಆಯುಷ್ಯ ಕಳೆದ ಹಳಬರ ಬಾಯಲ್ಲಿ ಒಂದು ಪದ ಸಮಾನವಾಗಿದೆ: ವಿಡಿಯಾ. ಒಬ್ಬರು ಮರಾಠಿಯಲ್ಲಿ ಹೇಳುತ್ತಾರೆ, ಇನ್ನೊಬ್ಬರು ಕನ್ನಡದಲ್ಲಿ. ಆದರೆ ‘ವಿಡಿಯಾ ಟೂಲ್ ಕೊಡು’ ಎಂದರೆ ಎಲ್ಲ ಕಡೆಯೂ ಬರುವುದು ಒಂದೇ ವಸ್ತು, ಕಬ್ಬಿಣ ಕೆತ್ತುವ ಕಾರ್ಬೈಡ್ ತುದಿ. ಯಾವ ಕಂಪನಿಯದ್ದಾದರೂ ಸರಿ, ಹೆಸರು ವಿಡಿಯಾ. ಫೋಟೋಕಾಪಿಗೆ ಜೆರಾಕ್ಸ್ ಎಂದಂತೆ. ಆ ಪದ ಜರ್ಮನ್ ಭಾಷೆಯ ‘ವೀ ಡಿಯಾಮಾಂಟ್’ ಎಂಬುದರ ಮೊಟಕು ರೂಪ, ಅರ್ಥ ‘ವಜ್ರದಂತೆ’. ಇಷ್ಟು ವರ್ಷ ವಜ್ರದ ಹೆಸರು ಹಿಡಿದು ಕೂಗುತ್ತಿದ್ದೇವೆ ಎಂಬುದು ಆ ಶೆಡ್ಡುಗಳಲ್ಲಿ ಬಹಳ ಜನಕ್ಕೆ ಗೊತ್ತಿರಲಾರದು.

ಈಗ ಆ ಶೆಡ್ಡುಗಳಲ್ಲಿ ಸಿಗುವ ವಿಡಿಯಾ ಬೂದು ಬಣ್ಣದ್ದಲ್ಲ. ಹತ್ತು ಟಿಪ್‌ಗಳು ಚೊಕ್ಕವಾಗಿ ಕೂತ ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆರೆದರೆ ಕೆಲವು ಹೊಂಬಣ್ಣ, ಕೆಲವು ಕಪ್ಪು, ಕೆಲವು ನೇರಳೆಗಪ್ಪು. ಬೆರಳ ತುದಿಯಷ್ಟಿರುವ ಆ ಟಿಪ್ಪಿನ ತೂಕ ಸುಮಾರು 10 ಗ್ರಾಂ. ಅದರ ಮೈಮೇಲಿನ ಬಣ್ಣದ ಲೇಪದ ತೂಕ ತೀರಾ ಅತ್ಯಲ್ಪ. ದಪ್ಪ ನಾಲ್ಕೈದರಿಂದ ಇಪ್ಪತ್ತು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ಇಟ್ಟುಕೊಂಡರೆ ಅದರ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಈ ಪೊರೆ ಬಂದ ಮೇಲೆ ಕಬ್ಬಿಣ ಕೆತ್ತುವ ವೇಗ ಬದಲಾಯಿತು, ಲೇಥ್ ಬದಲಾಯಿತು, ಟರ್ನರ್ ಎಂಬವನ ಕೈಯಲ್ಲಿದ್ದ ವಿದ್ಯೆಯೂ ಬದಲಾಯಿತು. ನಾಸಿಕ್ ಮತ್ತು ಸಂಭಾಜಿನಗರ ಆ ಬದಲಾವಣೆಯನ್ನು ನೋಡಲು ಒಳ್ಳೆಯ ಜಾಗಗಳು. ಒಂದು ಊರು ವಿಮಾನ ಮತ್ತು ಡೀಸೆಲ್ ನಾಝಲ್‌ಗಳಿಂದ ಬೆಳೆಯಿತು, ಇನ್ನೊಂದು ಸ್ಕೂಟರು–ಬೈಕುಗಳಿಂದ. ಎರಡೂ ಕಡೆ ಬೆಂಗಳೂರಿನ ನಂಟು ಇದೆ.

ಕಥೆ ಮಾತ್ರ ಬೇರೆಲ್ಲೋ ಶುರುವಾಗುತ್ತದೆ.

ಉಕ್ಕಿನಿಂದ ಉಕ್ಕನ್ನು ಕೆತ್ತುವಾಗ ಮುಖ್ಯ ಶತ್ರು ಗಟ್ಟಿತನವಲ್ಲ, ಕಾವು. ಅಂಚು ಲೋಹವನ್ನು ಸೀಳುವ ಜಾಗದಲ್ಲಿ ಉಷ್ಣತೆ ನೂರಾರು ಡಿಗ್ರಿಗೆ ಏರುತ್ತದೆ. ಸಾದಾ ಕಾರ್ಬನ್ ಉಕ್ಕಿನ ಉಳಿ ಇನ್ನೂರು–ಇನ್ನೂರೈವತ್ತು ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. ಅಮೆರಿಕದ ಬೆಥ್ಲೆಹೆಮ್ ಸ್ಟೀಲ್ ಕಂಪನಿಯಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ಸೇರಿ 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಹದ ಮಾಡಿದ ಹೈಸ್ಪೀಡ್ ಸ್ಟೀಲ್, ತುದಿ ಮಂದವಾಗಿ ಕೆಂಪೇರಿದರೂ ಕೆತ್ತುತ್ತಲೇ ಇತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ನೋಡಿದ ಯುರೋಪಿನ ಎಂಜಿನಿಯರುಗಳು ಬೆರಗಾದರು. ಕಾರ್ಮಿಕರ ಕೆಲಸವನ್ನು ಸ್ಟಾಪ್‌ವಾಚ್ ಹಿಡಿದು ಅಳೆದವನೆಂದು ಟೇಲರ್‌ಗೆ ಕೆಟ್ಟ ಹೆಸರಿದೆ, ಅದು ಅನ್ಯಾಯವೇನಲ್ಲ. ಆದರೆ ಲೋಹ ಕೆತ್ತುವ ವಿದ್ಯೆಗೆ ಅವನು ಕೊಟ್ಟ ಶ್ರಮ ಬೇರೆಯೇ ತೂಕದ್ದು. 26 ವರ್ಷ, ಹತ್ತಾರು ಸಾವಿರ ಪ್ರಯೋಗ, ಸುರುಳಿಯಾಗಿ ಹೋದ ಲೋಹವೇ ಎಂಟು ಲಕ್ಷ ಪೌಂಡ್, ಎಂದರೆ 360 ಟನ್ನಿಗೂ ಹೆಚ್ಚು. ಅದೆಲ್ಲದರ ಸಾರ ಒಂದು ಪುಟ್ಟ ಸೂತ್ರವಾಗಿ ಇಂದಿಗೂ ಪಾಲಿಟೆಕ್ನಿಕ್ ಹುಡುಗರ ಪರೀಕ್ಷೆಗೆ ಬರುತ್ತದೆ: ವೇಗ ಏರಿದಂತೆ ಟೂಲಿನ ಆಯುಷ್ಯ ಕುಸಿಯುತ್ತದೆ, ಮತ್ತು ಆ ಕುಸಿತ ಭಯಂಕರ.

ಎಷ್ಟು ಭಯಂಕರ ಎಂಬುದು ಟೂಲಿನ ವಸ್ತುವಿನ ಮೇಲೆ ನಿಂತಿದೆ. ಪಠ್ಯಪುಸ್ತಕದ ಸಾಮಾನ್ಯ ಘಾತಾಂಕಗಳನ್ನು ಹಾಕಿ ನೋಡಿದರೆ, ಹೈಸ್ಪೀಡ್ ಸ್ಟೀಲ್ ಟೂಲಿನ ವೇಗವನ್ನು ಶೇಕಡಾ 20ರಷ್ಟು ಏರಿಸಿದರೆ ಆಯುಷ್ಯ ಕಾಲು ಭಾಗಕ್ಕೂ ಕೆಳಗೆ ಬೀಳುತ್ತದೆ. ಅದೇ ಏರಿಕೆಗೆ ಕಾರ್ಬೈಡ್‌ನ ಆಯುಷ್ಯ ಸುಮಾರು ಅರ್ಧವಾಗುತ್ತದೆ. ಲೇಪವಿರುವ ಕಾರ್ಬೈಡ್‌ಗೆ ಕುಸಿತ ಇನ್ನೂ ಸೌಮ್ಯ. ನೂರು ವರ್ಷಗಳ ಟೂಲಿನ ಇತಿಹಾಸವನ್ನು ಈ ಇಳಿಜಾರನ್ನು ಸೌಮ್ಯ ಮಾಡುತ್ತ ಬಂದ ಇತಿಹಾಸ ಎಂದೇ ಓದಬಹುದು.

ಕಾರ್ಬೈಡ್ ಹುಟ್ಟಿದ್ದು ಲೇಥಿಗಾಗಿ ಅಲ್ಲ, ಬಲ್ಬಿಗಾಗಿ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿಯನ್ನು ಎಳೆಯಲು ಸಣ್ಣ ತೂತಿನ ಅಚ್ಚು ಬೇಕು. ಅದಕ್ಕೆ ವಜ್ರ ಬಳಸುತ್ತಿದ್ದರು, ದುಬಾರಿಯಾಗಿತ್ತು. ಬರ್ಲಿನ್‌ನ ಓಸ್ರಾಮ್ ಪ್ರಯೋಗಾಲಯದ ಕಾರ್ಲ್ ಶ್ರೋಟರ್ ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಸ್ವಲ್ಪ ಕೋಬಾಲ್ಟ್ ಬೆರೆಸಿ, ಒತ್ತಿ, ಕಾಯಿಸಿ, ಪುಡಿಯ ಕಣಗಳನ್ನು ಕೋಬಾಲ್ಟ್ ಅಂಟಿನಂತೆ ಹಿಡಿದಿಡುವ ಗಟ್ಟಿ ವಸ್ತುವನ್ನು ಮಾಡಿದ. 1923ರಲ್ಲಿ ಪೇಟೆಂಟ್ ಅರ್ಜಿ ಬಿತ್ತು. ಗಾರೆಯಲ್ಲಿ ಜಲ್ಲಿ ಇದ್ದ ಹಾಗೆ: ಜಲ್ಲಿಯ ಗಟ್ಟಿತನ, ಗಾರೆಯ ಹಿಡಿತ. ಕ್ರುಪ್ ಕಂಪನಿ ಹಕ್ಕು ಪಡೆದು, ವಿಡಿಯಾ ಎಂಬ ಹೆಸರಿಟ್ಟು, 1927ರ ಲೈಪ್‌ಜಿಗ್ ಮೇಳದಲ್ಲಿ ಅದನ್ನು ತೋರಿಸಿತು. ಎರಕದ ಕಬ್ಬಿಣವನ್ನು ಅದು ಹೈಸ್ಪೀಡ್ ಸ್ಟೀಲಿಗಿಂತ ಹಲವು ಪಟ್ಟು ವೇಗದಲ್ಲಿ ಕೆತ್ತಿತು.

ಮರುವರ್ಷವೇ ಕ್ರುಪ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗಳ ನಡುವೆ ಒಪ್ಪಂದವಾಯಿತು. ಅಮೆರಿಕದಲ್ಲಿ ಇದರ ಬೆಲೆ ಪೌಂಡಿಗೆ 450 ಡಾಲರ್ ದಾಟಿತು. ಆಗಿನ ಲೆಕ್ಕದಲ್ಲಿ ಅದೇ ತೂಕದ ಚಿನ್ನದ ಬೆಲೆ ಸುಮಾರು 300 ಡಾಲರ್. ವಜ್ರದ ಹೆಸರು ಇಟ್ಟುಕೊಂಡು ಚಿನ್ನಕ್ಕಿಂತ ತುಟ್ಟಿಯಾಗಿ ಮಾರಿದ ಈ ಕೂಟದ ಮೇಲೆ ಅಮೆರಿಕ ಸರ್ಕಾರ ಮೊಕದ್ದಮೆ ಹೂಡಿತು. 1948ರಲ್ಲಿ ಜನರಲ್ ಎಲೆಕ್ಟ್ರಿಕ್ ತಪ್ಪಿತಸ್ಥ ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಟೂಲಿನ ತುದಿಯ ಕಥೆಯಲ್ಲಿ ಕಚ್ಚಾವಸ್ತು ಯಾರ ಮುಷ್ಟಿಯಲ್ಲಿದೆ ಎಂಬ ಪ್ರಶ್ನೆ ಆಗಲೇ ಹುಟ್ಟಿತ್ತು.

ಎರಕದ ಕಬ್ಬಿಣದಲ್ಲಿ ಗೆದ್ದ ಕಾರ್ಬೈಡ್ ಉಕ್ಕಿನ ಮುಂದೆ ಸೋತಿತು. ಎರಕದ ಕಬ್ಬಿಣ ಪುಡಿಪುಡಿಯಾಗಿ ಉದುರುತ್ತದೆ. ಉಕ್ಕು ಹಾಗಲ್ಲ, ಉದ್ದನೆಯ ಸುರುಳಿಯಾಗಿ ಟೂಲಿನ ಮುಖವನ್ನು ಉಜ್ಜಿಕೊಂಡು ಹರಿಯುತ್ತದೆ. ಸಾವಿರ ಡಿಗ್ರಿ ಹತ್ತಿರದ ಆ ಬಿಸಿ ಸುರುಳಿಗೆ ಟಂಗ್‌ಸ್ಟನ್ ಕಾರ್ಬೈಡ್ ನಿಧಾನವಾಗಿ ಕರಗಿ ಸೇರುತ್ತದೆ. ಕಲ್ಲುಸಕ್ಕರೆ ಎಷ್ಟೇ ಗಟ್ಟಿಯಿದ್ದರೂ ಬಿಸಿ ಕಾಫಿಯಲ್ಲಿ ಕರಗುತ್ತದಲ್ಲ, ಹಾಗೆ. ಅಂಚಿನ ಹಿಂದೆ ಒಂದು ಗುಳಿ ಬೀಳುತ್ತದೆ, ಗುಳಿ ಅಗಲವಾಗಿ ಅಂಚೇ ಕುಸಿಯುತ್ತದೆ. ಮದ್ದು ಟೈಟೇನಿಯಂ ಕಾರ್ಬೈಡ್ ಎಂದು ಬೇಗ ಗೊತ್ತಾಯಿತು, ಅದು ಉಕ್ಕಿನಲ್ಲಿ ಅಷ್ಟು ಸುಲಭವಾಗಿ ಕರಗುವುದಿಲ್ಲ. 1938ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಫಿಲಿಪ್ ಮೆಕೆನಾ ಶುರುಮಾಡಿದ ಕೆನ್ನಾಮೆಟಲ್ ಕಂಪನಿ ನಿಂತದ್ದು ಟಂಗ್‌ಸ್ಟನ್ ಜೊತೆ ಟೈಟೇನಿಯಂ ಬೆರೆಸಿದ ಇಂಥ ಕಾರ್ಬೈಡ್ ಮೇಲೆಯೇ. ಆದರೆ ಬೆರಕೆ ಹೆಚ್ಚಾದಷ್ಟೂ ಟಿಪ್ ಬಿರುಸಾಗಿ ಮುರಿಯುತ್ತಿತ್ತು. ಕರಗಬಾರದು, ಮುರಿಯಲೂಬಾರದು. ಒಂದೇ ವಸ್ತುವಿನಿಂದ ಎರಡನ್ನೂ ಕೇಳಿದ್ದು ಮೂವತ್ತು ವರ್ಷಗಳ ಪೇಚಾಟ.

ಉತ್ತರ ಈಗ ನೋಡಿದರೆ ಸರಳ: ಗಟ್ಟಿಮುಟ್ಟಾದ ಹಳೆಯ ಕಾರ್ಬೈಡನ್ನು ಒಳಗೆ ಇಟ್ಟು, ಕರಗದ ವಸ್ತುವನ್ನು ಮೈಮೇಲೆ ಮಾತ್ರ ಹೊದಿಸುವುದು. ಆದರೆ ಅದು ಕಾರ್ಖಾನೆಗೆ ಬರಲು ಮೊದಲು ಇನ್ನೊಂದು ಬದಲಾವಣೆ ಆಗಬೇಕಿತ್ತು. ಆಗಿನ ಕಾರ್ಬೈಡ್ ತುಂಡನ್ನು ಉಕ್ಕಿನ ಹಿಡಿಗೆ ಹಿತ್ತಾಳೆ ಬೆಸುಗೆ ಹಾಕಿ ಕೂರಿಸುತ್ತಿದ್ದರು, ಮೊಂಡಾದಾಗ ಹಸಿರು ಕಲ್ಲಿನ ಗ್ರೈಂಡಿಂಗ್ ವೀಲಿಗೆ ಹಿಡಿದು ಮತ್ತೆ ಹರಿತ ಮಾಡುತ್ತಿದ್ದರು. ಹಾಗೆ ಉಜ್ಜಿದರೆ ಐದು ಮೈಕ್ರಾನ್ ಪೊರೆ ಒಂದೇ ಸೆಕೆಂಡಿನಲ್ಲಿ ಹೋಗುತ್ತದೆ. 1940–50ರ ದಶಕಗಳಲ್ಲಿ ಸ್ಕ್ರೂ ಅಥವಾ ಕ್ಲಾಂಪ್ ಹಾಕಿ ಬಿಗಿಯುವ, ಒಂದು ಮೂಲೆ ಮೊಂಡಾದರೆ ತಿರುಗಿಸಿ ಇನ್ನೊಂದು ಮೂಲೆ ಬಳಸುವ, ಎಲ್ಲ ಮೂಲೆ ಮುಗಿದರೆ ಎಸೆಯುವ ಟಿಪ್ ಬಂತು. ಟೂಲನ್ನು ಹರಿತ ಮಾಡುವುದು ನಿಂತ ಮೇಲೆಯೇ ಅದಕ್ಕೆ ಅಂಗಿ ತೊಡಿಸುವುದಕ್ಕೆ ಅರ್ಥ ಬಂತು. 1969ರ ಸುಮಾರಿಗೆ ಸ್ವೀಡನ್ನಿನ ಸ್ಯಾಂಡ್‌ವಿಕ್ ಮತ್ತು ಜರ್ಮನಿಯ ಕ್ರುಪ್ ವಿಡಿಯಾ ಟೈಟೇನಿಯಂ ಕಾರ್ಬೈಡ್ ಲೇಪದ ಟಿಪ್‌ಗಳನ್ನು ಮಾರುಕಟ್ಟೆಗೆ ತಂದವು. 1970ರ ದಶಕದಲ್ಲಿ ಅದರ ಮೇಲೆ ಅಲ್ಯುಮಿನಾ ಪದರ ಸೇರಿತು. ಅಲ್ಯುಮಿನಾ ಕಾವಿಗೆ ಜಗ್ಗುವುದಿಲ್ಲ, ಉಕ್ಕಿಗೆ ಬೆರೆಯುವುದೂ ಇಲ್ಲ. ಹೊಂಬಣ್ಣ ಕೊಡುವುದು ಟೈಟೇನಿಯಂ ನೈಟ್ರೈಡ್. ಅದರಿಂದ ಜಾರುವಿಕೆ ಸಿಗುತ್ತದೆ, ಮತ್ತು ಯಾವ ಮೂಲೆ ಬಳಸಿಯಾಗಿದೆ ಎಂದು ಒಂದೇ ನೋಟಕ್ಕೆ ಕಾಣುತ್ತದೆ. ಎರಡನೆಯ ಉಪಯೋಗ ಸಣ್ಣದೆನ್ನಬಾರದು. ರಾತ್ರಿ ಪಾಳಿಯಲ್ಲಿ ಮಬ್ಬು ಟ್ಯೂಬ್‌ಲೈಟ್ ಕೆಳಗೆ ಟಿಪ್ ತಿರುಗಿಸುವವರಿಗೆ ಅದು ದೊಡ್ಡದೇ.

ಲೇಪ ಎಂದರೆ ಬಣ್ಣ ಬಳಿದಂತಲ್ಲ. ಟಿಪ್‌ಗಳನ್ನು ತಟ್ಟೆಗಳಲ್ಲಿ ಜೋಡಿಸಿ ಕುಲುಮೆಯಲ್ಲಿಟ್ಟು, ಸಾವಿರ ಡಿಗ್ರಿ ಆಸುಪಾಸಿನಲ್ಲಿ ಟೈಟೇನಿಯಂ ಕ್ಲೋರೈಡ್ ಆವಿ, ಹೈಡ್ರೋಜನ್, ಮೀಥೇನ್ ಇತ್ಯಾದಿ ಹಾಯಿಸಿದರೆ ಅನಿಲದಿಂದಲೇ ಕಣಕಣವಾಗಿ ಪೊರೆ ಬೆಳೆಯುತ್ತದೆ. ಇದನ್ನು ಸಿವಿಡಿ ಎನ್ನುತ್ತಾರೆ. ಮೊದಲ ವರ್ಷಗಳಲ್ಲಿ ಒಂದು ತೊಂದರೆ ಕಾಡಿತು. ಆ ಕಾವಿನಲ್ಲಿ ಪೊರೆಯೇ ಟಿಪ್ಪಿನ ಮೈಯಿಂದ ಇಂಗಾಲವನ್ನು ಎಳೆದುಕೊಂಡು, ಪೊರೆಯ ಕೆಳಗೆ ಗಾಜಿನಂಥ ಬಿರುಸು ಪದರ ಬಿಡುತ್ತಿತ್ತು. ಲೇಪ ಬಿಟ್ಟ ಟಿಪ್ ಸವೆಯುತ್ತಿರಲಿಲ್ಲ, ಚಕ್ಕೆ ಎದ್ದು ಹೋಗುತ್ತಿತ್ತು. ಕಾವು ತಗ್ಗಿಸಿದ ವಿಧಾನ, ಮೇಲ್ಮೈ ಹತ್ತಿರ ಕೋಬಾಲ್ಟ್ ಹೆಚ್ಚಿರುವಂತೆ ಮಾಡಿದ ಕಾರ್ಬೈಡ್, ಹೀಗೆ ಒಂದೊಂದೇ ಸುಧಾರಣೆ ಬಂದು ಅದು ಸರಿಹೋಯಿತು. 1980ರ ನಂತರ ಪ್ರಬಲವಾದ ಪಿವಿಡಿ ಎಂಬ ಇನ್ನೊಂದು ವಿಧಾನ ನಿರ್ವಾತದಲ್ಲಿ, ಐನೂರು ಡಿಗ್ರಿ ಸುಮಾರಿಗೆ ಎರಡರಿಂದ ಐದು ಮೈಕ್ರಾನ್ ಪೊರೆ ಕೂರಿಸುತ್ತದೆ. ಪೊರೆ ತೆಳ್ಳಗಿರುವುದರಿಂದ ಅಂಚು ಹರಿತವಾಗಿ ಉಳಿಯುತ್ತದೆ. ಸಿವಿಡಿ ದಪ್ಪ ಕಂಬಳಿಯಾದರೆ ಇದು ಮೈಗಂಟಿದ ಬನಿಯನ್ನು. ಎಡೆಬಿಡದೆ ಟರ್ನಿಂಗ್ ಮಾಡುವ ಉಕ್ಕಿಗೆ ಮೊದಲನೆಯದು, ಮಿಲ್ಲಿಂಗ್ ಮತ್ತು ಡ್ರಿಲ್ಲಿಂಗ್‌ನ ಹೊಡೆತ ತಿನ್ನುವ ಅಂಚಿಗೆ ಎರಡನೆಯದು ಎಂಬುದು ಸ್ಥೂಲವಾದ ಪದ್ಧತಿ.

*

ಭಾರತಕ್ಕೆ ಈ ವಿದ್ಯೆ ಬಂದ ಮುಖ್ಯ ಬಾಗಿಲುಗಳಲ್ಲಿ ಒಂದು ಬೆಂಗಳೂರು. 1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾಯಿತು, 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್, 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗಾಗಿ ಚೆಕೊಸ್ಲೊವಾಕಿಯಾ ನೆರವಿನ ಸಿಎಂಟಿಐ. 1964ರಲ್ಲಿ ಕ್ರುಪ್ ಸಂಬಂಧದ ವಿಡಿಯಾ ಇಂಡಿಯಾ ಕಂಪನಿ ಇಲ್ಲಿ ನೋಂದಣಿಯಾಯಿತು, ತುಮಕೂರು ರಸ್ತೆಯಲ್ಲಿ ಅದರ ಕಾರ್ಖಾನೆ ಬೆಳೆಯಿತು. 1990ರ ದಶಕದಲ್ಲಿ ಮೂಲ ಜರ್ಮನ್ ಕಂಪನಿ ಅಮೆರಿಕದ ಮಿಲಾಕ್ರಾನ್ ಕೈಗೆ ಹೋಯಿತು, 2002ರಲ್ಲಿ ಕೆನ್ನಾಮೆಟಲ್ ಕೈಗೆ. ಒಂದು ಕಾಲದಲ್ಲಿ ವಿಡಿಯಾಕ್ಕೆ ಎದುರಾಳಿಯಾಗಿ ಹುಟ್ಟಿದ ಕಂಪನಿಯೇ ಕೊನೆಗೆ ವಿಡಿಯಾದ ಒಡೆಯನಾಯಿತು. ತುಮಕೂರು ರಸ್ತೆಯ ಬೋರ್ಡು ಬದಲಾಯಿತು. ಲೇಥ್ ಮುಂದಿನವರ ಬಾಯಲ್ಲಿ ಪದ ಬದಲಾಗಲಿಲ್ಲ. ಸ್ಯಾಂಡ್‌ವಿಕ್ ತನ್ನ ನೆಲೆಯನ್ನು ಪುಣೆಯಲ್ಲಿ ಮಾಡಿಕೊಂಡಿತು.

ನಾಸಿಕ್‌ಗೆ ದೊಡ್ಡ ಕೈಗಾರಿಕೆ ಬಂದದ್ದು ಅದೇ 1964ರ ಆಸುಪಾಸಿನಲ್ಲಿ. ಮಿಗ್-21 ತಯಾರಿಕೆಗೆ ಮೂರು ಊರು ಆರಿಸಿದರು: ಎಂಜಿನ್ನಿಗೆ ಒಡಿಶಾದ ಕೋರಾಪುಟ್, ಎಲೆಕ್ಟ್ರಾನಿಕ್ ಉಪಕರಣಗಳಿಗೆ ಹೈದರಾಬಾದ್, ವಿಮಾನದ ಮೈಕಟ್ಟಿಗೆ ನಾಸಿಕ್ ಬಳಿಯ ಓಝರ್. ಅದಕ್ಕೆಂದು ಕಟ್ಟಿದ ಸಂಸ್ಥೆ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಜೊತೆ ವಿಲೀನವಾಗಿ ಇಂದಿನ ಎಚ್‌ಎಎಲ್ ಆಯಿತು. ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಆಡುಗೋಡಿಯ ಮೈಕೋ ತನ್ನ ಎರಡನೇ ಕಾರ್ಖಾನೆಯನ್ನು ಸಾತ್ಪುರದಲ್ಲಿ ತೆರೆದು ಡೀಸೆಲ್ ನಾಝಲ್ ಮಾಡತೊಡಗಿತು. ನಾಝಲ್ ಒಳಗಿನ ಸೂಜಿಗೂ ಅದರ ಗೂಡಿಗೂ ಇರುವ ಸಂದು ಕೆಲವೇ ಮೈಕ್ರಾನ್. ಒಂದು ಟಿಪ್ಪಿನ ಲೇಪದಷ್ಟು ದಪ್ಪದ ವ್ಯತ್ಯಾಸ ಬಂದರೂ ಆ ಜೋಡಿ ಕೆಲಸಕ್ಕೆ ಬಾರದು. ದ್ರಾಕ್ಷಿ ಮತ್ತು ಕುಂಭಮೇಳದ ಊರಿನಲ್ಲಿ ಮೈಕ್ರಾನ್ ಎಂಬ ಮಾತು ದಿನಬಳಕೆಗೆ ಬಂದದ್ದು ಹೀಗೆ. ಸಾತ್ಪುರದಲ್ಲೇ ಇಂಡಿಯನ್ ಟೂಲ್ ಮ್ಯಾನುಫ್ಯಾಕ್ಚರರ್ಸ್‌ನ ಕಾರ್ಖಾನೆಯೂ ನಿಂತಿತು. ಡ್ರಿಲ್‌ಗೆ ಹೆಸರಾದ, ಸ್ವಾತಂತ್ರ್ಯಕ್ಕೂ ಹಿಂದೆ ಮುಂಬಯಿಯಲ್ಲಿ ಶುರುವಾದ ಕಂಪನಿ ಅದು. ಡ್ರಿಲ್ಲಿನ ವಿಷಯದಲ್ಲಿ ಹೈಸ್ಪೀಡ್ ಸ್ಟೀಲ್ ಸುಲಭಕ್ಕೆ ಜಾಗ ಬಿಡಲಿಲ್ಲ. ಡ್ರಿಲ್ಲಿನ ನಡುಬಿಂದುವಿನಲ್ಲಿ ವೇಗ ಸೊನ್ನೆ. ಅಲ್ಲಿ ಕೆತ್ತುವುದಕ್ಕಿಂತ ಒತ್ತುವುದೇ ಹೆಚ್ಚು, ಬಿರುಸು ಕಾರ್ಬೈಡ್ ಅದನ್ನು ತಾಳುವುದಿಲ್ಲ. ಹಾಗಾಗಿ ಹೊಂಬಣ್ಣದ ಪೊರೆ ಅಲ್ಲಿ ಮೊದಲು ಏರಿದ್ದು ಹೈಸ್ಪೀಡ್ ಸ್ಟೀಲ್ ಡ್ರಿಲ್ಲಿನ ಮೇಲೆಯೇ.

ಸಂಭಾಜಿನಗರದ ದಾರಿ ಬೇರೆ. ಆಗ ಔರಂಗಾಬಾದ್ ಆಗಿದ್ದ ಆ ಊರು 1948ರವರೆಗೆ ನಿಜಾಮನ ರಾಜ್ಯದಲ್ಲಿತ್ತು. ಕಲಬುರಗಿ, ಬೀದರ್, ರಾಯಚೂರುಗಳಿದ್ದ ಅದೇ ರಾಜ್ಯ. 1956ರಲ್ಲಿ ಮರಾಠವಾಡಾ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ಕನ್ನಡ ಜಿಲ್ಲೆಗಳು ಮೈಸೂರಿಗೆ ಬಂದವು. ಹಿಂದುಳಿದಿರುವಿಕೆಯಲ್ಲಿ ಎರಡೂ ಸಮಾನವಾಗಿದ್ದವು. ಆಮೇಲೆ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಚಿಕಲಠಾಣಾದಲ್ಲೂ ವಾಳೂಜ್‌ನಲ್ಲೂ ನಿವೇಶನ ಮಾಡಿತು. 1985ರಲ್ಲಿ ಬಜಾಜ್ ಆಟೋ ವಾಳೂಜ್‌ಗೆ ಬಂತು. ಒಂದು ದ್ವಿಚಕ್ರ ಕಾರ್ಖಾನೆ ಬಂದರೆ ಅದರ ಸುತ್ತ ಶಾಫ್ಟು, ಗೇರು, ಹಬ್ಬು, ಬುಶ್ಶು ಕೆತ್ತುವ ನೂರಾರು ಶೆಡ್ಡು ಹುಟ್ಟುತ್ತವೆ. ಅದೇ ವರ್ಷ ಅಲ್ಲಿ ಶುರುವಾದ ಎಂಡ್ಯೂರೆನ್ಸ್ ಇಂದು ದೊಡ್ಡ ಕಂಪನಿ. ಕಲಬುರಗಿಗೆ ಅಂಥ ಒಂದು ಬೀಜ ಬೀಳಲಿಲ್ಲ. ಇದನ್ನು ಬರಗಾಲದ ಮೇಲೋ ಜನರ ಸ್ವಭಾವದ ಮೇಲೋ ಹೊರಿಸುವವರು ವಾಳೂಜ್‌ನ ಮಳೆ ಲೆಕ್ಕವನ್ನು ಒಮ್ಮೆ ನೋಡಬೇಕು.

ಟೂಲ್ ಕಂಪನಿಗಳೂ ಹಿಂದೆಯೇ ಬಂದವು. ಯಶ್ ಬಿರ್ಲಾ ಗುಂಪು ಮತ್ತು ಕೆನ್ನಾಮೆಟಲ್ ಸೇರಿ 1986ರಲ್ಲಿ ಮಾಡಿದ ಬಿರ್ಲಾ ಕೆನ್ನಾಮೆಟಲ್ ವಾಳೂಜ್‌ನಲ್ಲಿ ಟೂಲ್ ಹೋಲ್ಡರ್ ತಯಾರಿಸಿತು. ಮುಂದೆ ಬಿರ್ಲಾ ಪ್ರಿಸಿಶನ್ ಎಂದಾಗಿ, ನಾಸಿಕ್‌ನ ಆ ಹಳೆಯ ಡ್ರಿಲ್ ಕಾರ್ಖಾನೆಯೂ ಅದರೊಳಗೆ ಸೇರಿತು. ಟೋಟೆಮ್ ಹೆಸರಿನ ಟ್ಯಾಪುಗಳು ವಾಳೂಜ್‌ನಲ್ಲೇ ಆಗುತ್ತವೆ. ಅದರ ಕಂಪನಿಗೆ ಈ ಶತಮಾನದ ಮೊದಲ ದಶಕದವರೆಗೆ ಫೋರ್ಬ್ಸ್ ಗೋಕಾಕ್ ಎಂಬ ಹೆಸರಿತ್ತು. ಘಟಪ್ರಭೆಯ ಜಲಪಾತದ ಪಕ್ಕದ ನೂಲಿನ ಗಿರಣಿಯಿಂದ ಬಂದ ಹೆಸರು ಅದು. ಬೆಳಗಾವಿ ಜಿಲ್ಲೆಯ ಒಂದು ಊರು ಮರಾಠವಾಡಾದ ಥ್ರೆಡ್ಡಿಂಗ್ ಟ್ಯಾಪಿನ ಬೆನ್ನಿಗೆ ಹೋಗಿ ಕೂತಿತ್ತು. ಚಿಕಲಠಾಣಾದಲ್ಲಿ ಜರ್ಮನ್ ಸಹಕಾರದ ಇಂಡೋ–ಜರ್ಮನ್ ಟೂಲ್ ರೂಮ್ ತೆರೆದು ಹುಡುಗರಿಗೆ ಅಚ್ಚು ಮತ್ತು ಟೂಲ್ ವಿದ್ಯೆ ಕಲಿಸತೊಡಗಿತು.

*

ಲೇಪದ ಟಿಪ್ ಬಂದ ಕೂಡಲೇ ಈ ಶೆಡ್ಡುಗಳ ಬದುಕು ಬದಲಾಯಿತೆಂದು ಹೇಳಿದರೆ ಸುಳ್ಳಾದೀತು. ಒಂದು ಲೆಕ್ಕ ಹಾಕಿ ನೋಡಬಹುದು. ದರಗಳು ಊಹೆಯವು, ಅನುಪಾತ ನಿಜಕ್ಕೆ ಹತ್ತಿರ. 50 ಮಿಲಿಮೀಟರ್ ವ್ಯಾಸದ, 200 ಮಿಲಿಮೀಟರ್ ಉದ್ದದ ಉಕ್ಕಿನ ಶಾಫ್ಟನ್ನು ಸುತ್ತಿಗೆ ಕಾಲು ಮಿಲಿಮೀಟರ್ ಫೀಡಿನಲ್ಲಿ ಒಮ್ಮೆ ಕೆತ್ತಬೇಕು. ಲೇಪವಿಲ್ಲದ ಕಾರ್ಬೈಡ್ ನಿಮಿಷಕ್ಕೆ 100 ಮೀಟರ್ ವೇಗದಲ್ಲಿ ಓಡಿದರೆ ಚಕ್ ಸುಮಾರು 640 ಸುತ್ತು ತಿರುಗುತ್ತದೆ, ಒಂದೂಕಾಲು ನಿಮಿಷ ಹಿಡಿಯುತ್ತದೆ. ಲೇಪದ ಟಿಪ್ 250 ಮೀಟರ್ ವೇಗ ತಾಳುತ್ತದೆ. ಸುಮಾರು 1,600 ಸುತ್ತು, ಅರ್ಧ ನಿಮಿಷ. ಮುಕ್ಕಾಲು ನಿಮಿಷ ಉಳಿಯಿತು. ಯಂತ್ರದ ಗಂಟೆಯ ಖರ್ಚು 400 ರೂಪಾಯಿ ಎಂದಿಟ್ಟರೆ ಒಂದು ಶಾಫ್ಟಿಗೆ ಐದು ರೂಪಾಯಿ. ಟಿಪ್ಪಿನ ಖರ್ಚೋ? ನಾಲ್ಕು ಮೂಲೆಯ ಟಿಪ್ಪಿಗೆ 300 ರೂಪಾಯಿ, ಒಂದು ಮೂಲೆ 15 ನಿಮಿಷ ಕೆತ್ತಿದರೂ 30 ಶಾಫ್ಟು ಆಯಿತು, ತಲಾ ಎರಡೂವರೆ ರೂಪಾಯಿ. 200 ರೂಪಾಯಿಯ ಲೇಪವಿಲ್ಲದ ಟಿಪ್, ತನ್ನ ನಿಧಾನದ ವೇಗದಲ್ಲಿ ಅಷ್ಟೇ ಹೊತ್ತು ಬಾಳಿದರೆ, ತಲಾ ನಾಲ್ಕು ರೂಪಾಯಿ ದಾಟುತ್ತದೆ. ದುಬಾರಿ ಟಿಪ್ಪೇ ಅಗ್ಗ.

ಆದರೆ ಇದರಲ್ಲಿ ದೊಡ್ಡ ಲಾಭ ಟಿಪ್ಪಿನಲ್ಲಿಲ್ಲ, ಉಳಿದ ನಿಮಿಷದಲ್ಲಿದೆ. ಆ ನಿಮಿಷ ಸಿಗಬೇಕಾದರೆ ಚಕ್ 1,600 ಸುತ್ತು ನಡುಗದೆ ತಿರುಗಬೇಕು. 2 ಮಿಲಿಮೀಟರ್ ಆಳ ಕೆತ್ತುವುದಾದರೆ, ಮೊದಲು ಎರಡು–ಎರಡೂವರೆ ಅಶ್ವಶಕ್ತಿ ಸಾಕಾಗಿದ್ದ ಕೆಲಸಕ್ಕೆ ಈಗ ಐದೂವರೆ ಬೇಕು. ಬೆಡ್ ಸವೆದ, ಬೇರಿಂಗ್ ಸಡಿಲಾದ, ಮೂರು ಅಶ್ವಶಕ್ತಿ ಮೋಟಾರಿನ ಲೇಥಿನಲ್ಲಿ ಲೇಪದ ಟಿಪ್ ಹಾಕಿದವರು ವೇಗ ಏರಿಸಲಾಗದೆ ಹಳೆಯ ಚಾಲಿನಲ್ಲೇ ಓಡಿಸಿದರು. ಸಿದ್ಧಾಂತದ ಪ್ರಕಾರ ಆಗ ಟಿಪ್ ಬಹಳ ಕಾಲ ಬಾಳಬೇಕು. ಬಾಳುವುದಿಲ್ಲ. ನಿಧಾನದಲ್ಲಿ ಕೆತ್ತಿದ ಉಕ್ಕು ಅಂಚಿಗೆ ಅಂಟಿ, ಕಿತ್ತು ಹೋಗುವಾಗ ಪೊರೆಯನ್ನೂ ಕಿತ್ತುಕೊಂಡು ಹೋಗುತ್ತದೆ. ನಡುಕಕ್ಕೆ ಮೂಲೆ ಚಕ್ಕೆಯಾಗುತ್ತದೆ. ಸವೆದು ಸಾಯಬೇಕಾದದ್ದು ಮುರಿದು ಸಾಯುತ್ತದೆ. ‘ಹೊಂಬಣ್ಣದ್ದು ಬರೀ ಶೋಕಿ’ ಎಂದು ಹಳೆಯ ಟರ್ನರುಗಳು ಅಂದರೆ, ಅವರ ಯಂತ್ರದ ಮಟ್ಟಿಗೆ ಅದು ಸರಿಯಾದ ಮಾತೇ. ಟೂಲ್ ಮಾರುವವರಲ್ಲೂ ಒಂದು ಮಾತಿದೆ: ಒಂದು ಬಿಡಿಭಾಗದ ಖರ್ಚಿನಲ್ಲಿ ಟೂಲಿನ ಪಾಲು ಶೇಕಡಾ 3ರಷ್ಟೇ, ಆಯುಷ್ಯ ಉಳಿಸಿ ಬದುಕಲಾಗದು, ವೇಗ ಏರಿಸಿ ಬದುಕಬೇಕು. ಮಾರಾಟದ ಮಾತಾದರೂ ಲೆಕ್ಕ ತಪ್ಪಿಲ್ಲ.

ಹೊಂಬಣ್ಣದ ಟಿಪ್ ತನ್ನ ನಿಜವಾದ ಜೋಡಿಯನ್ನು ಕಂಡದ್ದು ಸಿಎನ್‌ಸಿ ಲೇಥಿನಲ್ಲಿ. 1979ರಲ್ಲಿ ಪೀಣ್ಯದಲ್ಲಿ ಶುರುವಾದ ಏಸ್ ಡಿಸೈನರ್ಸ್‌ನಂಥ ಕಂಪನಿಗಳು ಸಣ್ಣ ಉದ್ಯಮಿಯ ಕೈಗೆಟುಕುವ ಸಿಎನ್‌ಸಿ ಲೇಥ್ ಮಾಡಿದವು, 1991ರ ನಂತರ ವಿದೇಶಿ ಟಿಪ್‌ಗಳ ಆಮದೂ ಸಲೀಸಾಯಿತು. ಬ್ಯಾಂಕ್ ಸಾಲದಲ್ಲಿ ಕೊಂಡ ಯಂತ್ರ ನಿಂತರೂ ಬಡ್ಡಿ ನಿಲ್ಲುವುದಿಲ್ಲ. ಹಾಗಾಗಿ ನಿಮಿಷದ ಬೆಲೆ ಮಾಲೀಕನಿಗೆ ಚೆನ್ನಾಗಿ ಅರ್ಥವಾಯಿತು. ಗಿರಾಕಿಗೂ ಅರ್ಥವಾಯಿತು. ದೊಡ್ಡ ಕಾರ್ಖಾನೆಯ ಖರೀದಿ ವಿಭಾಗ ಪ್ರತಿ ಬಿಡಿಭಾಗಕ್ಕೂ ಎಷ್ಟು ಸೆಕೆಂಡ್ ಹಿಡಿಯುತ್ತದೆಂದು ಲೆಕ್ಕ ಹಾಕಿ ದರ ಕಟ್ಟುತ್ತದೆ. ಟಿಪ್ ಉಳಿಸಿಕೊಟ್ಟ ಮುಕ್ಕಾಲು ನಿಮಿಷ ಮುಂದಿನ ದರ ಪರಿಷ್ಕರಣೆಯಲ್ಲಿ ಶೆಡ್ಡಿನ ಕೈಜಾರುವುದು ಹೀಗೆ.

ಲೇಪ ಎಲ್ಲ ಲೋಹಕ್ಕೂ ಒಳ್ಳೆಯದೆಂಬುದೂ ತಪ್ಪು ತಿಳಿವಳಿಕೆ. ವಾಳೂಜ್‌ನ ಬೈಕಿನ ಬಿಡಿಭಾಗಗಳಲ್ಲಿ ಅಲ್ಯೂಮಿನಿಯಂ ಬಹಳ. ಅದಕ್ಕೆ ಸಾಮಾನ್ಯ ಲೇಪದ ಟಿಪ್ ಹಿಡಿದರೆ ಮೆತ್ತಗಿನ ಲೋಹ ಮೇಣದಂತೆ ಅಂಟುತ್ತದೆ. ಕನ್ನಡಿಯಂತೆ ಉಜ್ಜಿದ ಬರಿಮೈ ಕಾರ್ಬೈಡೇ ಲೇಸು, ದೊಡ್ಡ ಪ್ರಮಾಣಕ್ಕಾದರೆ ವಜ್ರದ ತುದಿ. ಓಝರ್‌ನಂಥ ವಿಮಾನ ಕಾರ್ಖಾನೆಯಲ್ಲಿ ಎದುರಾಗುವ ಟೈಟೇನಿಯಂ ಮಿಶ್ರಲೋಹದ ಗುಣ ಇನ್ನೂ ವಿಚಿತ್ರ. ಉಕ್ಕು ಕೆತ್ತುವಾಗ ಹೆಚ್ಚಿನ ಕಾವನ್ನು ಸುರುಳಿ ಹೊತ್ತೊಯ್ಯುತ್ತದೆ. ಟೈಟೇನಿಯಂ ಶಾಖವನ್ನು ಹರಿಸುವುದೇ ಇಲ್ಲ, ಕಾವೆಲ್ಲ ಅಂಚಿನಲ್ಲೇ ಕೂರುತ್ತದೆ. ಅಲ್ಲಿ ವೇಗ ನಿಮಿಷಕ್ಕೆ ಐವತ್ತು–ಅರವತ್ತು ಮೀಟರಿಗೆ ಇಳಿಯುತ್ತದೆ. ಟೈಟೇನಿಯಂ ಬೆರೆತ ಪೊರೆಗಳು ಟೈಟೇನಿಯಂ ಲೋಹದೊಡನೆ ಸುಲಭವಾಗಿ ಬೆರೆಯುವುದರಿಂದ ಬರಿಮೈ ಕಾರ್ಬೈಡನ್ನೇ ಎಷ್ಟೋ ಕಡೆ ಇಟ್ಟುಕೊಂಡಿದ್ದಾರೆ. ಡಬ್ಬಿಯ ಮೇಲಿನ ಬಣ್ಣದ ಗುರುತುಗಳು ಇದಕ್ಕಾಗಿಯೇ ಇವೆ: ಉಕ್ಕಿಗೆ ನೀಲಿ, ಸ್ಟೇನ್‌ಲೆಸ್‌ಗೆ ಹಳದಿ, ಎರಕದ ಕಬ್ಬಿಣಕ್ಕೆ ಕೆಂಪು, ಅಲ್ಯೂಮಿನಿಯಂ ಬಳಗಕ್ಕೆ ಹಸಿರು.

ಹೀಗೆ ಲೋಹಕ್ಕೊಂದು ಉತ್ತರವಿರುವಾಗ ಪರೀಕ್ಷೆ ಮಾಡಿ ನೋಡುವುದೇ ಸರಿಯಾದ ದಾರಿ. ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಲೇಪದ ಟಿಪ್ ಮೇಲಿನ ಪ್ರಾಜೆಕ್ಟುಗಳಿಗೆ ಬರವಿಲ್ಲ. ಮೂರು ವೇಗ, ಮೂರು ಫೀಡು, ಮೂರು ಆಳ. ಟಗುಚಿ ಕೋಷ್ಟಕದಂತೆ ಒಂಬತ್ತು ಪ್ರಯೋಗ. ಕೆತ್ತಿದ ಮೈಯ ನುಣುಪು ಅಳೆದು ಒಂದು ಪ್ರಬಂಧ. ಒಂಬತ್ತು ಪ್ರಯೋಗಕ್ಕೆ ಒಂದು ಸರಳು ಸಾಕಾಗುತ್ತದೆ. ಟಿಪ್ ಎಷ್ಟು ಕಾಲ ಬಾಳಿತು ಎಂಬುದನ್ನು ಅಳೆಯಬೇಕಾದರೆ ಪಕ್ಕೆಯ ಸವೆತ 0.3 ಮಿಲಿಮೀಟರ್ ಆಗುವವರೆಗೆ ಕೆತ್ತುತ್ತಲೇ ಇರಬೇಕು, ಪ್ರತಿ ವೇಗಕ್ಕೂ, ಹಲವು ಬಾರಿ. ಸರಳುಗಳು ಟನ್ ಲೆಕ್ಕದಲ್ಲಿ ಸುರುಳಿಯಾಗಬೇಕು. ಟೇಲರ್‌ನ ಹಿಂದೆ ಉಕ್ಕಿನ ಕಂಪನಿಗಳಿದ್ದವು. ನಮ್ಮ ವಿದ್ಯಾರ್ಥಿಯ ಹಿಂದೆ ತಿಂಗಳ ಗಡುವಿರುತ್ತದೆ. ಹಾಗಾಗಿ ಆಯುಷ್ಯದ ನಿಜವಾದ ಅಂಕಿ ಅಂಶ ಟಿಪ್ ಕಂಪನಿಗಳ ಬಳಿ ಉಳಿಯುತ್ತದೆ, ಶೆಡ್ಡಿನವರಿಗೆ ಸಿಗುವುದು ಕ್ಯಾಟಲಾಗಿನ ಶಿಫಾರಸು.

ಮೊದಲು ಆ ತಿಳಿವಳಿಕೆ ಟರ್ನರ್ ಕೈಯಲ್ಲಿತ್ತು. ಹೈಸ್ಪೀಡ್ ಸ್ಟೀಲ್ ತುಂಡನ್ನೋ ಬೆಸುಗೆಯ ವಿಡಿಯಾವನ್ನೋ ಗ್ರೈಂಡಿಂಗ್ ವೀಲಿಗೆ ಹಿಡಿದು, ಹಿತ್ತಾಳೆಗೆ ಒಂದು ಕೋನ, ಉಕ್ಕಿಗೆ ಒಂದು ಕೋನ, ಸುರುಳಿ ಮುರಿಯಲು ಅಂಚಿನ ಹಿಂದೊಂದು ಸಣ್ಣ ಮೆಟ್ಟಿಲು ಎಂದು ಕಣ್ಣಳತೆಯಲ್ಲಿ ಕೆತ್ತುತ್ತಿದ್ದ. ಒಳ್ಳೆಯ ಟೂಲ್ ಹಿಡಿಯುವವನಿಗೆ ಶೆಡ್ಡಿನಲ್ಲಿ ಮರ್ಯಾದೆಯಿತ್ತು, ಸಂಬಳದಲ್ಲೂ ಅದು ಕಾಣುತ್ತಿತ್ತು. ಇಂದು ಆ ಕೋನಗಳೆಲ್ಲ ಟಿಪ್ಪಿನ ಅಚ್ಚಿನಲ್ಲೇ ಇವೆ. ಸಿಎನ್‌ಎಂಜಿ 120408 ಎಂಬ ಸಂಕೇತದಲ್ಲಿ ಆಕಾರ, ಅಳತೆ, ಮೂಗಿನ ದುಂಡು ಎಲ್ಲ ಅಡಗಿದೆ. ಯಂತ್ರದ ಮುಂದಿರುವ ಹುಡುಗ ಕೌಂಟರ್ ನೋಡಿ, ಇಷ್ಟು ಜಾಬ್ ಆದಮೇಲೆ ಮೂಲೆ ತಿರುಗಿಸುತ್ತಾನೆ. ಕಣ್ಣಿಗೆ, ಶ್ವಾಸಕ್ಕೆ ಗ್ರೈಂಡಿಂಗ್ ಧೂಳಿನ ಕಾಟ ತಪ್ಪಿದ್ದು ಒಳ್ಳೆಯದೇ. ಆದರೆ ಮೂಲೆ ಏಕೆ ಮುರಿಯಿತು, ಗುಳಿ ಬಿತ್ತೋ ಚಕ್ಕೆ ಎದ್ದಿತೋ ಎಂದು ಭೂತಗನ್ನಡಿ ಹಿಡಿದು ನೋಡುವ ಅಭ್ಯಾಸವನ್ನು ಕಲಿಸುವವರು ಕಡಿಮೆ. ಗುಳಿ ಬಿದ್ದರೆ ಕಾವು ಹೆಚ್ಚಾಗಿದೆ, ವೇಗ ಇಳಿಸಬೇಕು; ಚಕ್ಕೆ ಎದ್ದರೆ ನಡುಕವಿದೆ ಅಥವಾ ಟಿಪ್ ಬಿರುಸಾಯಿತು; ಮಿಲ್ಲಿಂಗ್ ಟಿಪ್ಪಿನಲ್ಲಿ ಬಾಚಣಿಗೆಯಂಥ ಸಾಲುಬಿರುಕು ಕಂಡರೆ ಬಿಸಿ ಅಂಚಿಗೆ ಕೂಲೆಂಟ್ ಬಿದ್ದು ಬಿದ್ದು ಒಡೆದಿದೆ, ಒಣಗಿದ್ದಾಗಲೇ ಕೆತ್ತಬೇಕು. ಸತ್ತ ಟಿಪ್ ಇಷ್ಟೆಲ್ಲ ಹೇಳುತ್ತದೆ. ಬಹುಪಾಲು ಟಿಪ್‌ಗಳು ಹೇಳದೆಯೇ ಡಬ್ಬಕ್ಕೆ ಬೀಳುತ್ತವೆ.

ಆ ಡಬ್ಬಕ್ಕೂ ಬೆಲೆಯಿದೆ. ಮೂರು–ನಾಲ್ಕು ಮೂಲೆ ಸವೆದ ಟಿಪ್ಪಿನಲ್ಲಿ ನಿಜಕ್ಕೂ ಕಳೆದುಹೋದದ್ದು ಕೆಲವು ಮಿಲಿಗ್ರಾಂ ಮಾತ್ರ; 10 ಗ್ರಾಂನಲ್ಲಿ ಎಂಟು ಗ್ರಾಂನಷ್ಟು ಟಂಗ್‌ಸ್ಟನ್ ಹಾಗೆಯೇ ಉಳಿದಿರುತ್ತದೆ. ನೂರು ಟಿಪ್ ಸೇರಿದರೆ ಒಂದು ಕಿಲೋ. ಗುಜರಿಯವರು ಇದನ್ನು ಕಬ್ಬಿಣದ ಜೊತೆ ಬೆರೆಸುವುದಿಲ್ಲ, ಬೇರೆಯೇ ತೂಗುತ್ತಾರೆ. ಕರಗಿದ ಸತುವಿನಲ್ಲಿ ಮುಳುಗಿಸಿದರೆ ಸತು ಕೋಬಾಲ್ಟಿನೊಳಗೆ ಸೇರಿ ಅದನ್ನು ಉಬ್ಬಿಸುತ್ತದೆ, ಟಿಪ್ ಒಡೆಯುತ್ತದೆ. ಸತುವನ್ನು ಆವಿ ಮಾಡಿ ತೆಗೆದರೆ ಪುಡಿ ಉಳಿಯುತ್ತದೆ, ಮತ್ತೆ ಟಿಪ್ ಆಗುತ್ತದೆ. ಈ ಗುಜರಿಗೆ ಈಗ ಬೇಡಿಕೆ ಏರಿದೆ, ಕಾರಣ ದೂರದ್ದು. ವಿಶ್ವದ ಟಂಗ್‌ಸ್ಟನ್‌ನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಚೀನಾದ್ದು. 2025ರ ಫೆಬ್ರವರಿಯಲ್ಲಿ ಚೀನಾ ಟಂಗ್‌ಸ್ಟನ್‌ನ ಹಲವು ರೂಪಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು, ಬೆಲೆ ಏರಿತು.

ಮೊದಲ ಮಹಾಯುದ್ಧದ ಕಾಲದಲ್ಲಿ ವಿಶ್ವದ ಪ್ರಮುಖ ಟಂಗ್‌ಸ್ಟನ್ ಮೂಲಗಳಲ್ಲಿ ಒಂದು ಬರ್ಮಾದ ತವಾಯ್. ಆಗ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ, 1937ರಲ್ಲಿ ಬೇರ್ಪಟ್ಟಿತು. ಸ್ವತಂತ್ರ ಭಾರತಕ್ಕೆ ಉಳಿದ ರಾಜಸ್ಥಾನದ ಡೇಗಾನಾ ಗಣಿ 1990ರ ದಶಕದಲ್ಲಿ ಮುಚ್ಚಿತು. ಮಹಾರಾಷ್ಟ್ರದ ನಾಗಪುರ ಜಿಲ್ಲೆಯಲ್ಲಿ ಸ್ವಲ್ಪ ಅದಿರಿದೆ. ದೇಶದ ಟಂಗ್‌ಸ್ಟನ್ ಸಂಪನ್ಮೂಲದ ಪಟ್ಟಿಯಲ್ಲಿ ಅತಿ ದೊಡ್ಡ ಪಾಲು, ಐದರಲ್ಲಿ ಎರಡರಷ್ಟು, ಕರ್ನಾಟಕದ್ದು. ಅದು ಹೊಸ ಗಣಿಯೇನಲ್ಲ. ಕೋಲಾರದ ಚಿನ್ನದ ಅದಿರಿನ ಜೊತೆ ಶೀಲೈಟ್ ಎಂಬ ಟಂಗ್‌ಸ್ಟನ್ ಖನಿಜವೂ ತೀರಾ ತೆಳ್ಳಗೆ ಬೆರೆತಿತ್ತು. ಚಿನ್ನ ತೆಗೆದು ಚೆಲ್ಲಿದ ಸಯನೈಡ್ ದಿಬ್ಬಗಳಲ್ಲಿ ಅದು ಉಳಿದುಕೊಂಡಿದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಆ ಬೂದು ದಿಬ್ಬಗಳು ಕೆಜಿಎಫ್ ಊರಿನ ನಡುವೆ ನಿಂತಿವೆ, ಬೇಸಗೆ ಗಾಳಿಗೆ ಅವುಗಳ ಧೂಳು ಮನೆಗಳೊಳಗೆ ಬರುತ್ತದೆ.